ಬಾಲಚರರೂ ತಾಯಿತಂದೆಗಳೂ

ಶಾಲೆಯ ವಾರ್ಷಿಕ ಸಂಚಿಕೆಯೆಂದ ಮೇಲೆ ವಿದ್ಯಾರ್ಥಿಗಳಿಗೆ ಹಿತವಚನ ಹೇಳುವ ಲೇಖನವೊಂದು ಇರಲೇಬೇಕೆಂಬುದು ರೂಢಿ. ಅದನ್ನು ಓದುತ್ತ ಓದುತ್ತ ವಿದ್ಯಾರ್ಥಿಗಳು ಆಕಳಿಸುವುದೂ ರೂಢಿಯೇ. ಈ ಸಲ ನಾವು ಹಿತವಚನವನ್ನು ಹಿರಿಯರ ಕಡೆಗೆ ತಿರುಗಿಸಬೇಕೆಂದಿದ್ದೇವೆ. ಆದರೆ ಈ ಸಂಚಿಕೆ ಹಿರಿಯರ ಕೈಗೆ ಸೇರಬೇಕಾದರೆ ಅದು ನಿಮ್ಮ ಮೂಲಕವೇ ಸೇರಬೇಕಷ್ಟೆ. ಆದುದರಿಂದ ಮೊದಲು ನೀವೇ ಓದಿರಿ. ಒಪ್ಪಿಗೆಯಾದರೆ ಊಟವಾದ ಮೇಲೆ, ದೂರದರ್ಶನ ಹಾಕುವುದಕ್ಕೆ ಮುಂಚೆ, ತಾಯಿತಂದೆಗಳಿಗೆ ಗಟ್ಟಿಯಾಗಿ ಓದಿ ಹೇಳಿರಿ.

ಸ್ಕೌಟು ಎಂದೊಡನೆ ಬಹುಮಂದಿ ಪಾಲಕರ ಕಣ್ಣಮುಂದೆ ಬರುವುದು ಆಗಸ್ಟ್ 15ರ ಮತ್ತು ಜನವರಿ 26ರ ಧ್ವಜವಂದನೆ. ಸಮವಸ್ತ್ರ, ಕೊರಳಲ್ಲೊಂದು ಸ್ಕಾರ್ಫು, ಮೂರು ಬೆರಳಿನ ವಂದನೆ, ಮುಗಿದ ಮೇಲೆ ಮಿಠಾಯಿ. ಇಷ್ಟೇ ಆಗಿದ್ದರೆ ಅದರ ಬಗ್ಗೆ ಎರಡು ಪುಟ ಬರೆಯಬೇಕಾದ ಕಾರಣವೇ ಇರಲಿಲ್ಲ. ಬಾಲಚರ ಶಿಕ್ಷಣದ ಜೀವಾಳ ಬೇರೆಯೇ ಇದೆ. 1907ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬೇಡನ್ ಪೊವೆಲ್ಲರು ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಸಣ್ಣ ದ್ವೀಪಕ್ಕೆ ಸುಮಾರು ಇಪ್ಪತ್ತು ಮಂದಿ ಹುಡುಗರನ್ನು ಕರೆದುಕೊಂಡು ಹೋದರು. ಅವರಲ್ಲಿ ಸಿರಿವಂತರ ಮಕ್ಕಳೂ ಇದ್ದರು, ದುಡಿದು ಉಣ್ಣುವವರ ಮಕ್ಕಳೂ ಇದ್ದರು. ಅವರನ್ನು ನಾಲ್ಕು ತಂಡಗಳಾಗಿ ಮಾಡಿ, ಪ್ರತಿ ತಂಡಕ್ಕೂ ಹುಡುಗನೊಬ್ಬನನ್ನೇ ನಾಯಕನನ್ನಾಗಿ ನಿಲ್ಲಿಸಿ, ತಂಡದ ಜವಾಬ್ದಾರಿಯನ್ನು ಅವನ ಹೆಗಲಿಗೇ ಹೊರಿಸಿದರು. ಇಂದಿಗೂ ಪದ್ಧತಿ ಅದೇ. ಆರೆಂಟು ಮಂದಿಯ ತಂಡ, ಅವರದೇ ನಾಯಕ, ಅವರದೇ ಅಡುಗೆ, ಅವರದೇ ಡೇರೆ. ಹಿರಿಯರು ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ನಮ್ಮ ಮನೆಗಳಲ್ಲಿ ಕಷ್ಟವಾಗುವುದು ಈ ಒಂದು ಹೆಜ್ಜೆಯೇ.

ಈ ಚಳವಳಿ ನಮ್ಮ ನಾಡಿಗೆ ಬಂದ ಬಗೆಯನ್ನು ಪಾಲಕರು ತಿಳಿದಿರುವುದು ಒಳ್ಳೆಯದು. 1909ರಲ್ಲಿ ಬೆಂಗಳೂರಿನಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಎಂಬವರು ಮೊದಲ ದಳವನ್ನು ಕಟ್ಟಿದರು. ಆದರೆ ಅದು ಆಂಗ್ಲರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ ಮೀಸಲಾಗಿತ್ತು. ಭಾರತೀಯ ಬಾಲಕನಿಗೆ ಅಲ್ಲಿ ಪ್ರವೇಶವಿರಲಿಲ್ಲ. ಬಾಗಿಲು ಮುಚ್ಚಿತ್ತೆಂದು ನಮ್ಮ ಹಿರಿಯರು ಕೈಕಟ್ಟಿ ಕೂಡಲಿಲ್ಲ. 1916ರಲ್ಲಿ ಮದ್ರಾಸಿನಲ್ಲಿ ಆನಿ ಬೆಸೆಂಟ್ ಅವರು ಭಾರತೀಯ ಬಾಲಕರಿಗಾಗಿಯೇ ಒಂದು ಸಂಘವನ್ನು ಸ್ಥಾಪಿಸಿದರು. ಅತ್ತ ಅಲಹಾಬಾದಿನಲ್ಲಿ ಮದನ ಮೋಹನ ಮಾಲವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಮೊದಲಾದವರು ಸೇವಾ ಸಮಿತಿಯ ಸ್ಕೌಟು ಸಂಸ್ಥೆಯನ್ನು ಬೆಳೆಸಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಬೇರೆ ಬೇರೆಯಾಗಿದ್ದ ಸಂಸ್ಥೆಗಳು ಕೂಡಿಕೊಂಡು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂಬ ಒಂದೇ ಸಂಸ್ಥೆಯಾಯಿತು. ಮರುವರ್ಷ ಗೈಡುಗಳ ಸಂಘವೂ ಅದರೊಡನೆ ಸೇರಿತು. ಆ ಹೊಸ ಸಂಸ್ಥೆಯ ಮೊದಲನೆಯ ರಾಷ್ಟ್ರೀಯ ಜಾಂಬೂರಿ ನಡೆದುದೆಲ್ಲಿ ಬಲ್ಲಿರಾ? 1953ರಲ್ಲಿ, ನಮ್ಮ ಈ ಹೈದರಾಬಾದು ನಗರದಲ್ಲಿಯೇ! ಆಗ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು ಇನ್ನೂ ಹೈದರಾಬಾದು ಸಂಸ್ಥಾನದಲ್ಲಿದ್ದುವು. ಅವು ಮೈಸೂರು ರಾಜ್ಯಕ್ಕೆ ಸೇರಿದುದು 1956ರ ನವೆಂಬರ್ 1ರಂದು. ನಮ್ಮಲ್ಲಿ ಹಲವರ ಅಜ್ಜಂದಿರಿಗೆ ಹೈದರಾಬಾದು ಪರಊರಲ್ಲ, ರಾಜಧಾನಿ. ಆದುದರಿಂದ ಸ್ಕೌಟು ಎಂಬುದು ಯಾರದೋ ಆಟ, ನಮ್ಮಂಥ ಕನ್ನಡ ಶಾಲೆಯ ಮಕ್ಕಳಿಗೆ ಅದು ಏಕೆ ಎನ್ನುವ ಮಾತು ಈ ಊರಿನಲ್ಲಂತೂ ಸಲ್ಲದು.

ಈಗ ಪಾಲಕರ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಓದು. "ಹತ್ತನೆಯ ತರಗತಿ ಬಂತು, ಇನ್ನು ಆ ಸ್ಕೌಟು ಗೀಟು ಬಿಡು" ಎಂಬ ಅಪ್ಪಣೆ ಎಷ್ಟು ಮನೆಗಳಲ್ಲಿ ಹೊರಟಿಲ್ಲ! ಪರೀಕ್ಷೆಯ ಭಯವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಪರಭಾಷೆಯ ನಗರದಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿನ ಭವಿಷ್ಯದ ಬಗ್ಗೆ ತಂದೆಗೆ ಇರುವ ಕಳವಳ ಮಿಕ್ಕವರಿಗಿಂತ ಒಂದು ತೂಕ ಹೆಚ್ಚೇ. ಆದರೆ ವಾರಕ್ಕೆ ಒಂದೆರಡು ಗಂಟೆಯ ಕಾಲವನ್ನು ಕಿತ್ತುಕೊಂಡರೆ ಆ ಗಂಟೆಗಳು ಗಣಿತಕ್ಕೆ ಹೋಗುತ್ತವೆಯೇ? ನಾವು ಕಂಡಮಟ್ಟಿಗೆ ಅವು ಮೊಬೈಲಿಗೆ ಹೋಗುತ್ತವೆ. ಪರೀಕ್ಷೆಗೆ ಮುಂಚಿನ ಎರಡು ತಿಂಗಳು ಶಿಬಿರಗಳಿಂದ ಬಿಡುವು ಬೇಕೆಂದು ಸ್ಕೌಟು ಮಾಸ್ತರರನ್ನು ಕೇಳಿದರೆ ಯಾವ ಮಾಸ್ತರರೂ ಬೇಡವೆನ್ನಲಾರರು. ಮಾತನಾಡಿ ಹೊಂದಿಸಿಕೊಳ್ಳಬಹುದಾದುದನ್ನು ಕಡಿದು ಹಾಕುವುದು ಏಕೆ?

ಎರಡನೆಯದು ಹಣ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಗುವಿಗೆ ಜ್ವರ ಬಂದಿದೆ ಎಂಬ ಚೀಟಿ ಬರುತ್ತದೆ. ಸಮವಸ್ತ್ರ, ಪಟ್ಟಿ, ಬೂಟು, ಶಿಬಿರದ ವಂತಿಗೆ ಇವು ಸಣ್ಣ ಸಂಬಳದ ಮನೆಗೆ ಭಾರವೇ ಸರಿ. ಆದರೆ ಬಾಲಚರ ನಿಯಮಗಳಲ್ಲಿ ಮಿತವ್ಯಯವೂ ಒಂದು ಎಂಬುದನ್ನು ಮರೆಯಬಾರದು. ಅಣ್ಣನಿಗೆ ಗಿಡ್ಡವಾದ ಅಂಗಿಯನ್ನು ತಮ್ಮನು ಧರಿಸಿದರೆ ಅವನ ಸ್ಕೌಟುತನಕ್ಕೆ ಕುಂದಿಲ್ಲ, ಬದಲಾಗಿ ನಿಯಮವನ್ನು ಪಾಲಿಸಿದಂತೆಯೇ ಆಯಿತು. ಶಾಲೆ ಬಿಟ್ಟುಹೋಗುವ ಹಿರಿಯ ವಿದ್ಯಾರ್ಥಿಗಳ ಸಮವಸ್ತ್ರಗಳನ್ನು ಒಗೆಸಿ, ಹೊಲಿಸಿ, ಒಂದು ಪೆಟ್ಟಿಗೆಯಲ್ಲಿ ಇಡುವ ಕೆಲಸವನ್ನು ನಾಲ್ಕು ಮಂದಿ ತಾಯಂದಿರು ವಹಿಸಿಕೊಂಡರೆ ಸಾಕು, ಹೇಳಲಾರದ ಜ್ವರಗಳು ಅರ್ಧ ಇಳಿಯುತ್ತವೆ. ಹಣಕ್ಕಿಂತ ದೊಡ್ಡದು ನಾಚಿಕೆ. ತಂದೆ ನೇರವಾಗಿ ಮಾಸ್ತರರ ಬಳಿ ಬಂದು "ಈ ತಿಂಗಳು ಆಗುವುದಿಲ್ಲ, ಮುಂದಿನ ತಿಂಗಳು ಕೊಡುತ್ತೇನೆ" ಎಂದರೆ ಮಗುವಿಗೆ ಸುಳ್ಳಿನ ಚೀಟಿಯನ್ನು ಹಿಡಿದು ನಿಲ್ಲುವ ಸಂಕಟ ತಪ್ಪುತ್ತದೆ. ಪ್ರಾಮಾಣಿಕತೆಯೂ ಆ ನಿಯಮಗಳಲ್ಲಿ ಉಂಟು.

ಮೂರನೆಯ ಆಕ್ಷೇಪ ಭಯ. ಅದರಲ್ಲಿಯೂ ಹೆಣ್ಣುಮಕ್ಕಳ ವಿಷಯದಲ್ಲಿ. ಇಲ್ಲಿ ನಾವು ಪಾಲಕರನ್ನು ಗೇಲಿ ಮಾಡಲು ಸಿದ್ಧರಿಲ್ಲ. ಮಗಳು ರಾತ್ರಿ ಮನೆಯ ಹೊರಗೆ ತಂಗುತ್ತಾಳೆಂದರೆ ತಾಯಿಗೆ ನಿದ್ದೆ ಬಾರದಿರುವುದು ಸಹಜ. ಕೇಳಬೇಕಾದುದನ್ನು ಕೇಳಿಯೇ ಕಳುಹಿಸಬೇಕು. ಜೊತೆಯಲ್ಲಿ ಯಾವ ಶಿಕ್ಷಕಿಯರು ಇರುತ್ತಾರೆ? ಮಲಗುವುದು ಎಲ್ಲಿ? ಶೌಚದ ಏರ್ಪಾಡು ಹೇಗೆ? ನೀರಿನ ಹತ್ತಿರ ಹೋಗುವುದಾದರೆ ಕಾಯುವವರು ಯಾರು? ಇಂಥ ಪ್ರಶ್ನೆಗಳಿಗೆ ಬೇಸರಪಡುವ ಮುಖಂಡರು ಶಿಬಿರವನ್ನೇ ನಡೆಸಬಾರದು. ಆದರೆ ಉತ್ತರ ಸಮರ್ಪಕವಾಗಿ ಬಂದ ಮೇಲೂ ಮಗನನ್ನು ಕಳುಹಿಸಿ ಮಗಳನ್ನು ತಡೆಯುವುದಿದೆಯಲ್ಲ, ಅದನ್ನು ನಾವು ಒಪ್ಪಲಾರೆವು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಎಂಬಲ್ಲಿ ಸ್ಕೌಟುಗಳ ದೊಡ್ಡ ಮೇಳ ನೆರೆದಾಗ ಕೆಲವು ಹುಡುಗಿಯರು ಕರೆಯದೆಯೇ ಬಂದು, ನಾವೂ ಸ್ಕೌಟುಗಳೇ ಎಂದು ನಿಂತರು. ಮರುವರ್ಷವೇ ಗೈಡುಗಳ ಸಂಸ್ಥೆ ಹುಟ್ಟಿತು. ಆ ಹುಡುಗಿಯರನ್ನು ಮನೆಯಲ್ಲಿ ಯಾರಾದರೂ ಕೂಡಿಹಾಕಿದ್ದರೆ ಏನಾಗುತ್ತಿತ್ತೋ!

ಇನ್ನು ಆಕ್ಷೇಪವಿಲ್ಲದ ಪಾಲಕರು. ಇವರಿಂದ ಆಗುವ ತೊಂದರೆಯೇ ಒಂದು ಕೈ ಮೇಲು ಎಂದರೆ ಯಾರೂ ಸಿಟ್ಟಾಗಬಾರದು. ನಮ್ಮ ನಗರದಲ್ಲಿ ರೈಲ್ವೆಯವರ ಮನೆಗಳು ಬಹಳ. ದಕ್ಷಿಣ ಮಧ್ಯ ರೈಲ್ವೆಯ ಕೇಂದ್ರ ಕಚೇರಿ 1966ರಿಂದ ಸಿಕಂದರಾಬಾದಿನಲ್ಲಿದೆ. ಸ್ಕೌಟು ಮತ್ತು ಗೈಡುಗಳಿಗೆಂದು ಕೆಲವು ಹುದ್ದೆಗಳನ್ನು ರೈಲ್ವೆ ಮೀಸಲಿಡುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಅದಕ್ಕೆ ರಾಷ್ಟ್ರಪತಿ ಪುರಸ್ಕಾರದಂಥ ಅರ್ಹತೆ ಬೇಕು. ಆದುದರಿಂದ ಮಗು ಪ್ರವೇಶ ಮುಗಿಸುವ ಮೊದಲೇ ತಂದೆ ಬೆರಳು ಮಡಿಸಿ ಎಣಿಸತೊಡಗುತ್ತಾನೆ: ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ, ಆಮೇಲೆ ನೌಕರಿ. ನೌಕರಿಯ ಆಸೆ ಪಾಪವಲ್ಲ. ಆದರೆ ಗಂಟು ಹಾಕಲು ಬಾರದ ಹುಡುಗನ ದಿನಚರಿ ಪುಸ್ತಕದಲ್ಲಿ ತಂದೆಯ ಮುದ್ದಾದ ಅಕ್ಷರ ಕಾಣಿಸಿದಾಗ, ಹುಡುಗಿ ನೆಡಬೇಕಾದ ಸಸಿಯನ್ನು ಸೋದರಮಾವ ನೆಟ್ಟು, ಅವಳನ್ನು ಪಕ್ಕದಲ್ಲಿ ನಿಲ್ಲಿಸಿ ಭಾವಚಿತ್ರ ತೆಗೆದಾಗ, ಮಗು ಕಲಿತ ಪಾಠವೇನು? ಹಿರಿಯರು ಮನಸ್ಸು ಮಾಡಿದರೆ ಯಾವ ಪದಕವೂ ಸಿಕ್ಕುತ್ತದೆ ಎಂಬುದೊಂದೇ. ವಕ್ರವಾದ ಅಕ್ಷರದಲ್ಲಿ ಮಗುವೇ ಬರೆದ ಅರ್ಧ ಪುಟ, ಒಣಗಿಹೋದುದಕ್ಕೆ ಬದಲಾಗಿ ಮತ್ತೆ ನೆಟ್ಟ ಎರಡನೆಯ ಸಸಿ, ಇವುಗಳಿಗೆ ಬೆಲೆ ಕೊಡುವ ಪಾಲಕರು ನಮಗೆ ಬೇಕು.

ಹಾಗಾದರೆ ಹಿರಿಯರು ಏನನ್ನೂ ಮಾಡಬಾರದೆ? ಮಾಡಬೇಕು, ಬಹಳವಿದೆ. ಗಂಟುಗಳ ಮಾತನ್ನೇ ತೆಗೆದುಕೊಳ್ಳಿರಿ. ಸಮನಾದ ಎರಡು ಹಗ್ಗಗಳನ್ನು ಕೂಡಿಸುವುದಕ್ಕೆ ರೀಫ್ ಗಂಟು, ದಪ್ಪ ತೆಳುವಾದವುಗಳಿಗೆ ಶೀಟ್ ಬೆಂಡ್, ಗೂಟಕ್ಕೆ ಬಿಗಿಯಲು ಕ್ಲೋವ್ ಹಿಚ್, ಜಾರದ ಕುಣಿಕೆಗೆ ಬೋಲೈನ್. ಹೆಸರು ಇಂಗ್ಲಿಷಿನದು, ಕೈ ಮಾತ್ರ ನಮ್ಮದೇ. ಊರಿನಲ್ಲಿ ಎತ್ತಿನ ಕಣ್ಣಿಯನ್ನು ಗೂಟಕ್ಕೆ ಸುತ್ತಿದ ಅಜ್ಜನಿಗೆ, ಸೀರೆಯ ಜೋಲಿಯನ್ನು ತೊಲೆಗೆ ಕಟ್ಟಿ ನಾಲ್ಕು ಮಕ್ಕಳನ್ನು ತೂಗಿದ ಅಜ್ಜಿಗೆ, ಯಾವ ಗಂಟು ಜಾರುತ್ತದೆ, ಯಾವುದು ಬಿಗಿಯುತ್ತದೆ ಎಂಬುದನ್ನು ಪುಸ್ತಕ ಹೇಳಬೇಕಾಗಿಲ್ಲ. ಜೀರುಗುಣಿಕೆ ಎಂಬ ಚೆಲುವಾದ ಮಾತು ಇಂದಿನ ಎಷ್ಟು ಮಕ್ಕಳಿಗೆ ಗೊತ್ತು? ಮನೆಯಲ್ಲಿ ಎರಡು ಮೊಳ ಹಗ್ಗವನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ, ಅಜ್ಜ ಮೊಮ್ಮಗ ಇಬ್ಬರೂ ಕುಳಿತು ತಮ್ಮ ತಮ್ಮ ಗಂಟುಗಳನ್ನು ಒಬ್ಬರಿಗೊಬ್ಬರು ತೋರಿಸಲಿ. ಅಜ್ಜನಿಗೆ ತಿಳಿದುದು ಹುಡುಗನ ಪರೀಕ್ಷೆಗೆ ಒದಗುವುದು ನಿಶ್ಚಯ. ಹುಡುಗನಿಗೆ ತಿಳಿದುದರಿಂದ ಅಜ್ಜನಿಗೆ ಆಗುವ ಸಂತೋಷವೂ ಸಣ್ಣದಲ್ಲ.

ಇದಕ್ಕೆ ವಿರುದ್ಧವಾದುದೂ ನಡೆಯುತ್ತದೆ. ಪ್ರಥಮ ಚಿಕಿತ್ಸೆಯ ಪಾಠದಲ್ಲಿ ಸುಟ್ಟ ಗಾಯವನ್ನು ಹರಿಯುವ ತಣ್ಣೀರಿನ ಕೆಳಗೆ ಬಹಳ ಹೊತ್ತು ಹಿಡಿಯಬೇಕೆಂದು, ಬೇರೆ ಏನನ್ನೂ ಹಚ್ಚಕೂಡದೆಂದು ಹುಡುಗಿ ಕಲಿತು ಬರುತ್ತಾಳೆ. ಮನೆಯಲ್ಲಿ ರೊಟ್ಟಿಯ ಹಂಚು ತಾಗಿ ತಂಗಿಯ ಕೈ ಸುಡುತ್ತದೆ. ಒಬ್ಬರು ಹಲ್ಲುಜ್ಜುವ ಪೇಸ್ಟನ್ನು ತರುತ್ತಾರೆ, ಒಬ್ಬರು ಶಾಯಿ ಎನ್ನುತ್ತಾರೆ. "ಅವ್ವಾ, ಮೊದಲು ನಲ್ಲಿಯ ಕೆಳಗೆ ಹಿಡಿ" ಎಂದ ಹುಡುಗಿಗೆ "ನೀ ಸುಮ್ಮನಿರು, ದೊಡ್ಡ ಡಾಕ್ಟರು ಬಂದಳು" ಎಂಬ ಉತ್ತರ ಸಿಕ್ಕುತ್ತದೆ. ಇಲ್ಲಿ ಹುಡುಗಿಯ ಮಾತೇ ಸರಿ, ವೈದ್ಯರೂ ಅದನ್ನೇ ಹೇಳುತ್ತಾರೆ. ಒಂದು ಸಲ, ಒಂದೇ ಒಂದು ಸಲ, ಮನೆಯವರೆಲ್ಲ ಅವಳ ಮಾತನ್ನು ಕೇಳಿ ಕೈಯನ್ನು ನೀರಿಗೆ ಹಿಡಿದರೆ, ಆ ಹುಡುಗಿ ಮುಂದೆ ಬೀದಿಯಲ್ಲಿ ಬಿದ್ದವನನ್ನು ಕಂಡು ನಿಂತು ನೋಡುವವರ ಗುಂಪಿನಲ್ಲಿ ಸೇರುವುದಿಲ್ಲ. ಮನೆಯಲ್ಲಿ ನಗೆಗೀಡಾದ ಮಗು ಹೊರಗೆ ಧೈರ್ಯ ಮಾಡುವುದು ಕಷ್ಟ.

ಸದಾ ಸಿದ್ಧನಾಗಿರು ಎಂಬ ಧ್ಯೇಯವಾಕ್ಯ ನಮ್ಮ ನಗರದವರಿಗೆ ಬರಿಯ ಅಲಂಕಾರವಲ್ಲ. ಬೇಡನ್ ಪೊವೆಲ್ಲರ ಸ್ಕೌಟು ಗ್ರಂಥವು ಇಂಗ್ಲೆಂಡಿನಲ್ಲಿ ಪ್ರಕಟವಾದ 1908ನೆಯ ಇಸವಿಯಲ್ಲಿಯೇ, ಸೆಪ್ಟೆಂಬರ್ 28ರಂದು, ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಅಂದು ಸುಮಾರು 150 ಮಂದಿಗೆ ಆಶ್ರಯ ಕೊಟ್ಟ ಹುಣಿಸೆಯ ಮರವನ್ನು ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಜನ ಇಂದಿಗೂ ತೋರಿಸುತ್ತಾರೆ. ಆ ಪ್ರಳಯದ ತರುವಾಯ 1909ರಲ್ಲಿ ನಿಜಾಮರ ಸರಕಾರ ಕರೆಸಿಕೊಂಡುದು ನಮ್ಮ ವಿಶ್ವೇಶ್ವರಯ್ಯನವರನ್ನು. ಮತ್ತೆ ಅಂಥ ಅನಾಹುತವಾಗದಂತೆ ಅವರು ಕೊಟ್ಟ ಸಲಹೆಯಿಂದಲೇ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದುವು. ಆದರೂ 2020ರ ಅಕ್ಟೋಬರಿನ ಮಳೆಯಲ್ಲಿ ನಗರದ ಎಷ್ಟೋ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತುದನ್ನು ನೀವು ಮರೆತಿರಲಾರಿರಿ. ಒಂದು ಭಾನುವಾರ ತಂದೆ ತನ್ನ ಸ್ಕೌಟನ್ನು ಕರೆದುಕೊಂಡು ಆ ಹುಣಿಸೆಮರದ ಬಳಿಗೆ ಹೋಗಲಿ. ಅಲ್ಲಿಂದ ನದಿಯ ದಂಡೆಗೆ ನಡೆಯಲಿ. ನೀರು ಎಷ್ಟು ಎತ್ತರ ಬಂದಿರಬಹುದು ಎಂದು ಇಬ್ಬರೂ ಕಣ್ಣಳತೆಯಿಂದ ಊಹಿಸಲಿ. ದೂರವನ್ನೂ ಎತ್ತರವನ್ನೂ ಕಣ್ಣಿನಿಂದ ಅಳೆಯುವುದು ಬಾಲಚರನ ಪಾಠಗಳಲ್ಲಿ ಒಂದು. ಅದಕ್ಕೆ ಖರ್ಚು ಬಸ್ಸಿನ ಟಿಕೇಟು ಮಾತ್ರ.

ಶಿಬಿರಕ್ಕೆ ಕಳುಹಿಸುವಾಗ ಒಂದು ವಿಷಯದಲ್ಲಿ ಪಾಲಕರು ಎಷ್ಟು ಮಾತನಾಡಿದರೂ ಸಾಲದು. ಮಗುವಿಗೆ ಉಬ್ಬಸವಿದ್ದರೆ, ಶೇಂಗಾ ಆಗದಿದ್ದರೆ, ಮೂರ್ಛೆ ಬರುವುದಿದ್ದರೆ, ರಾತ್ರಿ ಹಾಸಿಗೆ ಒದ್ದೆಯಾಗುವುದಿದ್ದರೆ ಅದನ್ನು ಮುಖಂಡರಿಗೆ ಗುಟ್ಟಾಗಿಯಾದರೂ ಹೇಳಿಬಿಡಬೇಕು. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಅದರ ಭಾರವನ್ನು ಹೊರುವುದು ಆ ಮಗು, ಕತ್ತಲಲ್ಲಿ, ಒಂಟಿಯಾಗಿ. ಇದನ್ನು ಹೇಳಿದ ಮೇಲೆ ಚೀಲವನ್ನು ಮಾತ್ರ ಮಗುವೇ ತುಂಬಿಕೊಳ್ಳಲಿ. ಚಾದರ, ತಟ್ಟೆ, ಲೋಟ, ಟಾರ್ಚು, ಸೂಜಿದಾರ. ತಾಯಿ ಬರೆದ ಪಟ್ಟಿಯನ್ನು ನೋಡಿ ತುಂಬಿದರೂ ಚಿಂತೆಯಿಲ್ಲ, ಆದರೆ ಕೈ ಅವನದಾಗಿರಲಿ. ತಾಯಿ ತುಂಬಿದ ಚೀಲದಲ್ಲಿ ಟಾರ್ಚು ಎಲ್ಲಿದೆ ಎಂದು ರಾತ್ರಿ ಹನ್ನೆರಡಕ್ಕೆ ಹುಡುಕುವ ಬಾಲಚರರನ್ನು ನಾವು ನೋಡಿದ್ದೇವೆ.

ನಗರದ ಹೊರಗೆ ನಡೆದ ಒಂದು ಶಿಬಿರಕ್ಕೆ ತಾಯಿಯೊಬ್ಬರು ಎರಡನೆಯ ದಿನವೇ ಬಸ್ಸು ಹತ್ತಿ ಬಂದರು. ಕೈಯಲ್ಲಿ ಬುತ್ತಿ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಮಗ ತನ್ನ ತಂಡದವರೊಡನೆ ಹೊಗೆಯಲ್ಲಿ ಕಣ್ಣುಜ್ಜುತ್ತ ಬೇಯಿಸುತ್ತಿದ್ದ ಅನ್ನ ಒಂದು ಕಡೆ ಸೀದು, ಇನ್ನೊಂದು ಕಡೆ ಅಕ್ಕಿಯಾಗಿಯೇ ಉಳಿದಿತ್ತು. ಅವರು ನಿಂತು ನೋಡಿದರು. ಬುತ್ತಿಯನ್ನು ಮಗನ ಕೈಗೆ ಕೊಡದೆ ಮುಖಂಡರ ಕೈಗೆ ಕೊಟ್ಟು, "ಎಲ್ಲರಿಗೂ ಒಂದೊಂದು ಚೂರು ಬರುತ್ತದೆ, ರಾತ್ರಿ ಹಂಚಿರಿ" ಎಂದರು. ಮಧ್ಯಾಹ್ನ ಹುಡುಗರು ಬಡಿಸಿದ ಆ ಅನ್ನವನ್ನೇ ಉಂಡು ಹೊರಟುಹೋದರು. ಆ ತಾಯಿಗೆ ಯಾವ ಪುರಸ್ಕಾರವನ್ನು ಕೊಡಬೇಕೋ ನಮಗೆ ತೋಚಲಿಲ್ಲ. ಗಂಟೆಗೊಮ್ಮೆ ದೂರವಾಣಿ ಮಾಡಿ "ಊಟ ಆಯಿತೆ, ಸೊಳ್ಳೆ ಕಚ್ಚಿತೆ" ಎಂದು ವಿಚಾರಿಸುವ ತಂದೆಗಳು ಈ ಸಂಗತಿಯನ್ನು ಎರಡು ಸಲ ಓದಬೇಕಾಗಿ ಕೋರುತ್ತೇವೆ.

ಕೊನೆಯದಾಗಿ ಭಾಷೆಯ ಮಾತು. ನಗರದ ಮೇಳಗಳಲ್ಲಿ ನಮ್ಮ ಮಕ್ಕಳು ತೆಲುಗು, ಉರ್ದು, ಹಿಂದಿ, ಮರಾಠಿ ಮಾತನಾಡುವ ಮಕ್ಕಳೊಡನೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕನ್ನಡ ಶಾಲೆಯ ಮಗುವಿಗೆ ಶಾಲೆಯ ಗೋಡೆಯಾಚೆ ಸಮಾನವಾಗಿ ಸೇರಲು ಇಂಥ ಎಡೆಗಳು ಹೆಚ್ಚಿಲ್ಲ. ನಾವು ಸ್ಕೌಟಿನ ಪರವಾಗಿ ಇಷ್ಟು ವಾದಿಸುವುದಕ್ಕೆ ಇದೇ ಮುಖ್ಯ ಕಾರಣ. ಆದರೆ ಶಿಬಿರಾಗ್ನಿಯ ಸುತ್ತ ಪ್ರತಿಯೊಂದು ದಳವೂ ತನ್ನ ನಾಡಿನ ಹಾಡು, ಕುಣಿತವನ್ನು ತೋರಿಸಬೇಕಾದ ಹೊತ್ತಿಗೆ ನಮ್ಮ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಡೆಗೆ ಯಾವುದೋ ಚಲನಚಿತ್ರದ ಹಾಡಿಗೆ ಕೈಕಾಲು ಆಡಿಸುತ್ತಾರೆ. ಕೋಲಾಟದ ಪದಗಳು, ಬೀಸುವಾಗಿನ ಹಾಡುಗಳು, ಒಗಟು, ಒಡಪು ಇವೆಲ್ಲ ಇಲ್ಲಿಯೇ, ಕಾಚಿಗುಡದ ಓಣಿಗಳ ಮನೆಗಳಲ್ಲಿಯೇ, ಬೀದರದಿಂದಲೂ ಸೇಡಮ್ಮಿನಿಂದಲೂ ಬಂದ ಅಜ್ಜಿಯರ ಬಾಯಲ್ಲಿ ಇವೆ. ಕೇಳಿದವರಿಲ್ಲ, ಅವರು ಹೇಳಿಲ್ಲ. ಮುಂದಿನ ಶಿಬಿರಕ್ಕೆ ಇನ್ನೂ ಕೆಲವು ವಾರಗಳಿವೆ. ತಾಯಂದಿರು ಅಜ್ಜಿಯನ್ನೂ ಮೊಮ್ಮಕ್ಕಳನ್ನೂ ಒಂದೆಡೆ ಕೂಡಿಸಿ, ಕೋಲಾಟದ ಪದವೊಂದನ್ನು ಕಲಿಸಿಕೊಡಲಿ. ಹತ್ತು ನಿಮಿಷಕ್ಕೆ ಆಗುವಷ್ಟಿದ್ದರೆ ಸಾಕು. ಕೋಲುಗಳನ್ನು ಹುಡುಗರೇ ಕಡಿದು ಸವರಿಕೊಳ್ಳುತ್ತಾರೆ.